ಸಿಟ್ಟು ಗಡಿಯದು, ಪೆಟ್ಟು ಯಾರಿಗೆ?

ಪುಣೆಯ ಪಶ್ಚಿಮ ದಿಕ್ಕಿಗಿರುವ ಹಿಂಜವಾಡಿಯು ಒಂದು ಕಾಲಕ್ಕೆ ಮುಳಶಿ ತಾಲೂಕಿನ ಹೊಲಗದ್ದೆಗಳ ಊರಾಗಿತ್ತು. ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮವು ಅಲ್ಲಿ ರಾಜೀವ ಗಾಂಧಿ ಇನ್ಫೋಟೆಕ್ ಪಾರ್ಕನ್ನು ಸ್ಥಾಪಿಸಿದ ಮೇಲೆ ಊರಿನ ಚಹರೆಯೇ ಬದಲಾಯಿತು. ಗಾಜಿನ ಕಟ್ಟಡಗಳು ಎದ್ದವು. ಅವುಗಳೊಳಗೆ ಲಕ್ಷಾಂತರ ಜನರಿಗೆ ಉದ್ಯೋಗ ದೊರೆಯಿತು. ಆ ಜನರಿಗೆ ಬೆಳಗಿನ ಇಡ್ಲಿ, ಸಂಜೆಯ ಚಹ ಒದಗಿಸಲು ಉಡುಪಿ, ಕುಂದಾಪುರಗಳ ಕಡೆಯಿಂದ ನಮ್ಮವರು ಬಂದರು. ಇಟ್ಟಿಗೆ ಹೊರಲು, ಗಾರೆ ಕಲಸಲು ಕಲಬುರ್ಗಿ, ಯಾದಗಿರಿ, ವಿಜಯಪುರಗಳಿಂದ ಬಂದರು. ಲೆಕ್ಕ ಬರೆಯಲು, ಕಚೇರಿಯ ಕಾಗದಪತ್ರ ನೋಡಿಕೊಳ್ಳಲು ಧಾರವಾಡ, ಬೆಳಗಾವಿಗಳಿಂದ ಬಂದವರೂ ಕಡಿಮೆಯಿಲ್ಲ. ಹೀಗೆ ಬಂದವರಿಗೆಲ್ಲ ಊರಿನ ನೆನಪು ತರುವುದು ವಾಕಡದ ಬಳಿ ಹಾದುಹೋಗುವ ಮುಂಬಯಿ–ಬೆಂಗಳೂರು ಹೆದ್ದಾರಿ. ಸಾತಾರಾ, ಕರಾಡ, ಕೊಲ್ಹಾಪುರ ದಾಟಿದರೆ ನಿಪ್ಪಾಣಿ. ಅಲ್ಲಿಂದ ಮುಂದೆ ನಮ್ಮ ಊರು. ರಾತ್ರಿ ಹತ್ತಿದವನು ಬೆಳಗಾಗುವುದರೊಳಗೆ ಮನೆಯವರ ಮುಖ ನೋಡಬಹುದು.

2025ನೆಯ ಇಸವಿಯ ಫೆಬ್ರವರಿ 22ರ ಶನಿವಾರ, ನಾನು ದಿನವೂ ಚಹ ಕುಡಿಯುವ ಹೋಟೆಲಿನಲ್ಲಿ ಒಬ್ಬ ಹುಡುಗನು ತಟ್ಟೆಗಳನ್ನು ಎತ್ತುತ್ತಲೇ ಗಲ್ಲೆಯ ಕಡೆಗೆ ನೋಡಿ ಕೇಳಿದನು: “ಅಣ್ಣಾ, ರಾತ್ರಿ ಬಸ್ಸು ಹೋಗುತ್ತದೆಯೋ ಇಲ್ಲವೋ?” ಹಾವೇರಿಯ ಕಡೆಯ ಹುಡುಗ. ಮುಂದಿನ ಬುಧವಾರ ಶಿವರಾತ್ರಿ. ಧಣಿಯಿಂದ ನಾಲ್ಕು ದಿನಗಳ ರಜೆ ಕೇಳಿ ಪಡೆದಿದ್ದನು; ತಾಯಿಗೊಂದು ಸೀರೆ ಕೊಂಡಿಟ್ಟಿದ್ದನು. ಗಲ್ಲೆಯ ಮೇಲಿದ್ದವರು ಉತ್ತರ ಕೊಡಲಿಲ್ಲ; ಅವರ ಕಣ್ಣು ಕೈಯಲ್ಲಿದ್ದ ಫೋನಿನ ಮೇಲಿತ್ತು. ಅದರಲ್ಲಿ ಯಾರೋ ಬಸ್ಸಿಗೆ ಮಸಿ ಬಳಿಯುತ್ತಿದ್ದರು.

ಆ ಹುಡುಗನು ಮಹಾಜನ ಆಯೋಗದ ಹೆಸರನ್ನು ಕೇಳಿದವನಲ್ಲ. ಗಡಿಯ ಹಳ್ಳಿಗಳೆಷ್ಟು, ಅವು ಯಾರಿಗೆ ಸೇರಬೇಕು ಎಂಬ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಆದರೂ ಅಂದಿನ ದಂಡವನ್ನು ತೆತ್ತವರಲ್ಲಿ ಅವನೂ ಒಬ್ಬನು. ಸಿಟ್ಟು ಒಬ್ಬರದು, ಪೆಟ್ಟು ಇನ್ನೊಬ್ಬರಿಗೆ ಎಂಬ ಈ ವಿಚಿತ್ರ ವ್ಯವಹಾರವನ್ನು ಕುರಿತು ಒಬ್ಬ ಸಾಮಾನ್ಯ ನಾಗರಿಕನಾಗಿ ನನಗೆ ತೋಚಿದ ನಾಲ್ಕು ಮಾತುಗಳನ್ನು ವಾಚಕ ಬಂಧುಗಳ ಮುಂದಿಡಬೇಕೆಂದು ಅಂದೇ ಅನಿಸಿತು.

ಎರಡು ದಿನಗಳ ಕಥೆ

ನಡೆದುದಿಷ್ಟು. ಫೆಬ್ರವರಿ 21ರಂದು ಬೆಳಗಾವಿಯ ಸಮೀಪದಲ್ಲಿ ಕರ್ನಾಟಕ ಸಾರಿಗೆಯ ಬಸ್ಸಿನ ನಿರ್ವಾಹಕನೊಬ್ಬನಿಗೂ ಪ್ರಯಾಣಿಕರಿಗೂ ಟಿಕೇಟಿನ ವಿಷಯವಾಗಿ ಮಾತು ಬೆಳೆಯಿತು. ತನಗೆ ಮರಾಠಿ ಬಾರದು, ಕನ್ನಡದಲ್ಲಿ ಹೇಳಿರೆಂದುದೇ ಅಪರಾಧವಾಗಿ ತನ್ನನ್ನು ಗುಂಪುಗೂಡಿ ಹೊಡೆದರೆಂಬುದು ನಿರ್ವಾಹಕನ ದೂರು. ಬೆಳಗಾವಿಯ ಪೋಲೀಸರು ಕೆಲವರನ್ನು ಬಂಧಿಸಿದರು. ಕಾನೂನು ತನ್ನ ಕೆಲಸವನ್ನು ಆರಂಭಿಸಿತ್ತು. ಆದರೆ ಸಿಟ್ಟಿಗೆ ಅಷ್ಟು ತಾಳ್ಮೆಯಿರಲಿಲ್ಲ. ಅದೇ ರಾತ್ರಿ ಅಲ್ಲಿಂದ ಬಹುದೂರದ ಚಿತ್ರದುರ್ಗದಲ್ಲಿ ಮಹಾರಾಷ್ಟ್ರ ಸಾರಿಗೆಯ ಬಸ್ಸನ್ನು ತಡೆದು ಅದರ ಚಾಲಕನ ಮುಖಕ್ಕೆ ಮಸಿ ಬಳಿದರು. ಮರುದಿನ ಮಹಾರಾಷ್ಟ್ರದ ಸಾರಿಗೆ ಮಂತ್ರಿಗಳು ಕರ್ನಾಟಕಕ್ಕೆ ಹೋಗುವ ತಮ್ಮ ಬಸ್ಸುಗಳನ್ನು ನಿಲ್ಲಿಸಿದರು. ಪುಣೆಯ ಸ್ವಾರಗೇಟಿನಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿದ್ದಿತು. ಮಾರ್ಚ್ 22ರಂದು ಕನ್ನಡ ಸಂಘಟನೆಗಳು ಕರ್ನಾಟಕ ಬಂದ್ ಕರೆ ಕೊಟ್ಟವು.

ಬೆಳಗಾವಿಯ ನಿರ್ವಾಹಕನನ್ನು ಹೊಡೆದವರು ಯಾರೋ, ಅವರೊಡನೆ ಚಿತ್ರದುರ್ಗದಲ್ಲಿ ಸಿಕ್ಕಿದ ಚಾಲಕನಿಗೆ ಏನು ಸಂಬಂಧ? ಅವನ ಮುಖಕ್ಕೆ ಮಸಿ ಬಳಿದವರೊಡನೆ ಸ್ವಾರಗೇಟಿನಲ್ಲಿ ನಿಂತಿದ್ದ ಬಸ್ಸಿನ ಚಾಲಕನಿಗೆ ಏನು ಸಂಬಂಧ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಎಳೆದ ಬರೆಯಿಂದ ಎತ್ತಿನ ಜ್ವರವೂ ಇಳಿಯಲಿಲ್ಲ, ಎಮ್ಮೆಯ ಗಾಯವೂ ಮಾಯಲಿಲ್ಲ.

ಇದು ಮೊದಲ ಸಲವೂ ಅಲ್ಲ. 2022ರ ಡಿಸೆಂಬರ್ 6ರಂದು ಬೆಳಗಾವಿಯ ಹಿರೇಬಾಗೇವಾಡಿಯ ಟೋಲ್ ನಾಕೆಯ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದಿತು. ಅದೇ ದಿನ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಬಣ್ಣ ಬಳಿದು ಘೋಷಣೆ ಬರೆದರು. ಎರಡೂ ಕಡೆ ಪೆಟ್ಟು ತಿಂದವರು ಚಾಲಕರು, ಕ್ಲೀನರುಗಳು, ಊರಿಗೆ ಹೊರಟ ಬಡ ಪ್ರಯಾಣಿಕರು. ಸಿಟ್ಟಿಗೆ ಕಾರಣರಾದ ದೊಡ್ಡವರ ಮೋಟಾರು ಕಾರಿನ ಗಾಜಿಗೆ ಒಂದು ಗೆರೆಯೂ ಬಿದ್ದಂತೆ ಕೇಳಲಿಲ್ಲ.

ವ್ಯಾಜ್ಯದ ವಕಾಲತ್ತು ಯಾರದು?

ಗಡಿಯ ವ್ಯಾಜ್ಯವು ಹೊಸದಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮುಂಬಯಿ ಪ್ರಾಂತದಲ್ಲಿದ್ದ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. ಮರಾಠಿ ಜನರಿಗೆ ಇದು ಒಪ್ಪಿಗೆಯಾಗಲಿಲ್ಲ. ಸೇನಾಪತಿ ಬಾಪಟರು ಉಪವಾಸ ಕುಳಿತರು. ಕೇಂದ್ರ ಸರಕಾರವು 1966ರ ಅಕ್ಟೋಬರದಲ್ಲಿ, ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರಚಂದ ಮಹಾಜನರ ಏಕಸದಸ್ಯ ಆಯೋಗವನ್ನು ನೇಮಿಸಿತು. 1967ರ ಆಗಸ್ಟಿನಲ್ಲಿ ಅವರು ವರದಿ ಕೊಟ್ಟರು. ಬೆಳಗಾವಿ ನಗರವು ಮೈಸೂರಿನಲ್ಲಿಯೇ ಉಳಿಯಬೇಕು. ನಿಪ್ಪಾಣಿ, ಖಾನಾಪುರ ಮೊದಲಾದವುಗಳೊಂದಿಗೆ 264 ಹಳ್ಳಿಗಳು ಮಹಾರಾಷ್ಟ್ರಕ್ಕೆ ಹೋಗಬೇಕು. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ಭಾಗಗಳ 247 ಹಳ್ಳಿಗಳು ಈಚೆಗೆ ಬರಬೇಕು. ಕಾಸರಗೋಡಿನ ಚಂದ್ರಗಿರಿಯ ಉತ್ತರ ಭಾಗವೂ ನಮಗೆ ಸೇರಬೇಕು ಎಂಬುದು ಅದರ ಸಾರ. ಮೈಸೂರು ಸರಕಾರ ಒಪ್ಪಿತು, ಮಹಾರಾಷ್ಟ್ರ ಒಪ್ಪಲಿಲ್ಲ. ವರದಿಯು ಕಾಗದದಲ್ಲಿಯೇ ಉಳಿಯಿತು.

2004ರಲ್ಲಿ ಮಹಾರಾಷ್ಟ್ರ ಸರಕಾರವು ಸಂವಿಧಾನದ 131ನೆಯ ಅನುಚ್ಛೇದದ ಮೇರೆಗೆ ಸುಪ್ರೀಮ್ ಕೋರ್ಟಿನಲ್ಲಿ ದಾವೆ ಹೂಡಿತು. ಎರಡು ದಶಕಗಳು ತುಂಬಿದಾಗಲೂ ಅಂತಿಮ ತೀರ್ಪು ಬಂದಿರಲಿಲ್ಲ. 2022ರ ಡಿಸೆಂಬರ್ 14ರಂದು ಕೇಂದ್ರ ಗೃಹಮಂತ್ರಿಗಳು ಇಬ್ಬರು ಮುಖ್ಯಮಂತ್ರಿಗಳನ್ನೂ ದಿಲ್ಲಿಗೆ ಕರೆಸಿ, ಕೋರ್ಟಿನ ತೀರ್ಪು ಬರುವ ತನಕ ಯಾರೂ ಹಕ್ಕು ಸಾಧಿಸಬಾರದೆಂದು ಒಪ್ಪಿಸಿದರು. ಅದಾಗಿ ಎರಡು ವಾರಗಳೂ ಸಲ್ಲಲಿಲ್ಲ. ಡಿಸೆಂಬರ್ 22ರಂದು ಕರ್ನಾಟಕದ ವಿಧಾನಮಂಡಲವು ಒಂದಂಗುಲ ನೆಲವನ್ನೂ ಬಿಡೆವೆಂಬ ಅರ್ಥದ ಠರಾವನ್ನೂ, 27ರಂದು ಮಹಾರಾಷ್ಟ್ರದ ವಿಧಾನಮಂಡಲವು 865 ಹಳ್ಳಿಗಳು ತಮ್ಮವೆಂಬ ಠರಾವನ್ನೂ ಒಮ್ಮತದಿಂದ ಸ್ವೀಕರಿಸಿದವು. ಬೇರೆ ವಿಷಯಗಳಲ್ಲಿ ದಿನವೂ ಕಚ್ಚಾಡುವ ಪಕ್ಷಗಳು ಈ ಒಂದು ವಿಷಯದಲ್ಲಿ ಒಂದಾಗುವುದನ್ನು ಕಂಡಾಗ, ಗಡಿಯ ವ್ಯಾಜ್ಯವು ಬಗೆಹರಿಯುವುದಕ್ಕಿಂತ ಬಗೆಹರಿಯದೆ ಇರುವುದೇ ಕೆಲವರಿಗೆ ಅನುಕೂಲವೋ ಎಂಬ ಸಂದೇಹ ಸಾಮಾನ್ಯ ಜನರಿಗೆ ಬಾರದಿರದು.

ಈ ದಾವೆಯ ಒಂದು ಸ್ವರೂಪವನ್ನು ನಮ್ಮ ಜನರು ಚೆನ್ನಾಗಿ ಲಕ್ಷ್ಯದಲ್ಲಿಡಬೇಕು. 131ನೆಯ ಅನುಚ್ಛೇದದ ದಾವೆಯಲ್ಲಿ ವಾದಿಯಾಗುವುದು, ಪ್ರತಿವಾದಿಯಾಗುವುದು ಸರಕಾರಗಳು ಮಾತ್ರ. ಖಾನಾಪುರದ ಮರಾಠಿ ರೈತನು ಅದರಲ್ಲಿ ಪಕ್ಷಗಾರನಲ್ಲ. ಜತ್ತದ ಕನ್ನಡ ರೈತನೂ ಅಲ್ಲ. ಹಿಂಜವಾಡಿಯ ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನಂತೂ ಅಲ್ಲವೇ ಅಲ್ಲ. ಕೋರ್ಟಿನಲ್ಲಿ ಯಾರಿಗೆ ಬಾಯಿಯಿಲ್ಲವೋ, ಬೀದಿಯಲ್ಲಿ ಅವರ ಮೈಯನ್ನೇ ಈ ಖಟ್ಲೆಗೆ ಜಾಮೀನಾಗಿ ಹಿಡಿಯುವುದು ಯಾವ ನ್ಯಾಯ?

ಅರವತ್ತರ ದಶಕದ ಪಾಠ

ಮುಂಬಯಿಯ ಹಳಬರು ಇದನ್ನು ಬಲ್ಲರು. 1960ರಲ್ಲಿ ಆರಂಭವಾದ ‘ಮಾರ್ಮಿಕ’ ವಾರಪತ್ರಿಕೆಯು ಕಚೇರಿಗಳಲ್ಲಿ ದಕ್ಷಿಣದವರ ಹೆಸರುಗಳ ಪಟ್ಟಿಯನ್ನು ಪ್ರಕಟಿಸತೊಡಗಿತು. 1966ರ ಜೂನ್ 19ರಂದು ಶಿವಸೇನೆಯ ಸ್ಥಾಪನೆಯಾಯಿತು. ಮರಾಠಿ ತರುಣನಿಗೆ ತನ್ನ ನೆಲದಲ್ಲಿಯೇ ನೌಕರಿ ಸಿಗದೆಂಬ ಕೊರಗು ಸುಳ್ಳಾಗಿರಲಿಲ್ಲ; ಆ ಕೊರಗನ್ನು ಹಗುರಾಗಿ ಕಾಣುವುದು ಸರಿಯಲ್ಲ. ಆದರೆ ಅವನಿಗೆ ನೌಕರಿ ಕೊಡದವರು ಗಿರಣಿಯ ಮಾಲೀಕರು, ದೊಡ್ಡ ಕಂಪನಿಗಳವರು. ಕಲ್ಲು ಬಿದ್ದುದು ಉಡುಪಿ ಹೋಟೆಲಿನ ಗಾಜಿಗೆ. 1969ರ ಫೆಬ್ರವರಿಯಲ್ಲಿ ಗಡಿಯ ಪ್ರಶ್ನೆಯ ಮೇಲೆಯೇ ಮುಂಬಯಿಯಲ್ಲಿ ದಿನಗಟ್ಟಲೆ ದೊಂಬಿ ನಡೆದು ಐವತ್ತಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ದಕ್ಷಿಣದವರ ಹೋಟೆಲುಗಳು ಲೂಟಿಯಾದವು.

ಇಷ್ಟು ಜೀವಗಳ ಬೆಲೆಗೆ ಗಡಿಯು ಎಷ್ಟು ಸರಿಯಿತು? ಒಂದು ಹಳ್ಳಿಯೂ ಆಚೆಯಿಂದ ಈಚೆಗೆ ಬರಲಿಲ್ಲ, ಈಚೆಯಿಂದ ಆಚೆಗೆ ಹೋಗಲಿಲ್ಲ. ಸತ್ತವರಲ್ಲಿ ಮರಾಠಿ ಮಾತಾಡುವ ಬಡವರೂ ಇದ್ದರೆಂಬುದನ್ನು ನಾವು ಮರೆಯಬಾರದು. ನಮ್ಮ ಹಿರಿಯರು ಒಡೆದ ಗಾಜನ್ನು ಗುಡಿಸಿ, ಮರುದಿನ ಮತ್ತೆ ಒಲೆ ಹೊತ್ತಿಸಿ, ಅದೇ ಮೇಜಿಗೆ ಅದೇ ಗಿರಾಕಿಯನ್ನು ಕೂರಿಸಿ ಚಹ ಕೊಟ್ಟರು. ಅದು ಅಂಜಿಕೆಯಿಂದ ಮಾಡಿದ ಕೆಲಸವೆಂದು ನಾನು ತಿಳಿಯುವುದಿಲ್ಲ. ಗಿರಾಕಿಯೇ ಬೇರೆ, ಕಲ್ಲೆಸೆದವನೇ ಬೇರೆ ಎಂಬ ವಿವೇಕ ಅವರಲ್ಲಿತ್ತು.

ಬೇಳೆಯಿಂದ ಪ್ರಾಂತಕ್ಕೆ

ಒಬ್ಬನ ತಪ್ಪು ಒಂದು ಸಮುದಾಯದ ತಪ್ಪಾಗಿ ಮಾರ್ಪಡುವ ಬಗೆಯನ್ನು 2025ರ ಜುಲೈ ತಿಂಗಳಲ್ಲಿ ಮುಂಬಯಿಯು ಪ್ರತ್ಯಕ್ಷವಾಗಿ ಕಂಡಿತು. ಹೋಟೆಲ್ ಕೆಲಸದ ನಮ್ಮ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಸಕರ ಆಕಾಶವಾಣಿ ವಸತಿಗೃಹದ ಕ್ಯಾಂಟೀನಿನಲ್ಲಿ ತಮಗೆ ಹಳಸಿದ ಬೇಳೆ ಬಡಿಸಿದರೆಂದು ಬುಲಢಾಣಾದ ಶಾಸಕ ಸಂಜಯ ಗಾಯಕವಾಡರು ಅಲ್ಲಿನ ನೌಕರನನ್ನು ಹೊಡೆದರು. ಆ ದೃಶ್ಯವನ್ನು ಇಡೀ ದೇಶವೇ ಫೋನಿನಲ್ಲಿ ನೋಡಿತು. ಮುಖ್ಯಮಂತ್ರಿಗಳೂ ಆ ನಡತೆಯನ್ನು ಒಪ್ಪಲಿಲ್ಲ. ಶಾಸಕರಾದರೋ ಪಶ್ಚಾತ್ತಾಪ ಪಡುವುದಕ್ಕೆ ಬದಲಾಗಿ, ಇಂಥ ಗುತ್ತಿಗೆಗಳನ್ನು ಶೆಟ್ಟರಿಗೆ ಕೊಡುವುದೇಕೆ, ದಕ್ಷಿಣದವರು ಬಾರುಗಳನ್ನು ನಡೆಸಿ ಮಹಾರಾಷ್ಟ್ರದ ಸಂಸ್ಕೃತಿಯನ್ನು ಕೆಡಿಸಿದರೆಂಬ ಅರ್ಥದ ಮಾತುಗಳನ್ನಾಡಿದರು.

ಮಾತು ಎಲ್ಲಿಂದ ಎಲ್ಲಿಗೆ ಹೋಯಿತೆಂಬುದನ್ನು ನೋಡಿರಿ. ಆರಂಭವಾದುದು ಒಂದು ಬಟ್ಟಲು ಬೇಳೆಯಿಂದ. ಬೇಳೆ ಹಳಸಿದ್ದರೆ ಅದು ನಿಜವಾದ ತಪ್ಪೇ. ತಿನ್ನುವವನು ಶಾಸಕನಿರಲಿ, ಕೂಲಿಯವನಿರಲಿ, ಹಳಸಿದ ಅನ್ನವನ್ನು ಬಡಿಸಲು ಯಾವ ಹೋಟೆಲಿನವನಿಗೂ ಹಕ್ಕಿಲ್ಲ. ಅದಕ್ಕಾಗಿ 2006ರ ಆಹಾರ ಸುರಕ್ಷತೆಯ ಕಾಯಿದೆ ಇದೆ. ಮಾದರಿ ತೆಗೆದು ಪರೀಕ್ಷಿಸುವ ಅಧಿಕಾರಿಗಳಿದ್ದಾರೆ. ಅವರು ಬಂದರು, ಮಾದರಿ ಕೊಂಡುಹೋದರು, ಕ್ಯಾಂಟೀನಿನ ಪರವಾನಗಿಯನ್ನು ಅಮಾನತುಗೊಳಿಸಿದರು. ಬೇಳೆಯ ತಪ್ಪಿಗೆ ಕಾನೂನಿನ ಉತ್ತರವು ಒಂದೆರಡು ದಿನಗಳೊಳಗೆ ಬಂದಿತು. ಮುಷ್ಟಿಯ ತಪ್ಪಿಗೆ ಮಾತ್ರ ಜುಲೈ 11ರಂದು ಎನ್.ಸಿ. ದಾಖಲಾಯಿತು. ಅಂದರೆ, ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೋಲೀಸರು ತನಿಖೆ ನಡೆಸಲಾಗದ ಬಗೆಯ ಅಪರಾಧವೆಂದು ಅದನ್ನು ಬರೆದುಕೊಂಡರು.

ಬೇಳೆಯ ದೋಷಕ್ಕೂ ಬೇಳೆ ಬೇಯಿಸಿದವನ ಊರಿಗೂ ಯಾವ ಸಂಬಂಧವೂ ಇಲ್ಲ. ಆದರೆ ಹೊಡೆದವನಿಗೆ ತನ್ನ ಹೊಡೆತವನ್ನು ಸಮರ್ಥಿಸಿಕೊಳ್ಳಬೇಕಾದಾಗ ಪ್ರಾಂತದ ಹೆಸರು ಸುಲಭವಾಗಿ ಕೈಗೆ ಸಿಗುತ್ತದೆ. ಇದೇ ಪ್ರಾಂತೀಯ ರಾಜಕಾರಣದ ಗುಟ್ಟು. ಸಿಟ್ಟು ಯಾವಾಗಲೂ ಜನಾಂಗದ ಹೆಸರನ್ನು ಕೇಳುತ್ತದೆ. ನ್ಯಾಯವು ಮನುಷ್ಯನ ಹೆಸರನ್ನು ಕೇಳುತ್ತದೆ. ಯಾರು ಹೊಡೆದನು, ಯಾರನ್ನು ಹೊಡೆದನು, ಎಂದು, ಎಲ್ಲಿ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವ ಕಡೆಗೆ ನ್ಯಾಯವು ಹೆಜ್ಜೆ ಇಡುತ್ತದೆ. ‘ಮರಾಠಿಗರು’, ‘ಕನ್ನಡಿಗರು’, ‘ಮದ್ರಾಸಿಗಳು’ ಎಂಬ ಉತ್ತರ ಬಂದ ಕೂಡಲೇ ನಿಜವಾದ ಅಪರಾಧಿಯು ಆ ಗುಂಪಿನೊಳಗೆ ಮರೆಯಾಗುತ್ತಾನೆ.

ನಮ್ಮ ಮನೆಯ ಅಂಗಳ

ಇಷ್ಟು ಹೇಳಿ ಸುಮ್ಮನಾದರೆ ಅದು ಅರ್ಧ ಸತ್ಯವಾದೀತು. ನಾವು ಪುಣೆಯಲ್ಲಿ ಹೊರಗಿನವರು. ಬೆಂಗಳೂರಿನಲ್ಲಿ ನಮ್ಮವರೇ ಮನೆಯೊಡೆಯರು. ಮನೆಯೊಡೆಯರಾದಾಗ ನಾವು ಹೇಗೆ ನಡೆದುಕೊಂಡೆವು?

1986ರಲ್ಲಿ ಕನ್ನಡ ಕಡ್ಡಾಯದ ಪ್ರಶ್ನೆಯ ಮೇಲೆ ಬೆಳಗಾವಿಯಲ್ಲಿ ಗಲಭೆಯಾದಾಗ ಗೋಲೀಬಾರಿನಲ್ಲಿ ಸತ್ತವರು ಮರಾಠಿ ಭಾಷಿಕರು. 2005ರ ನವೆಂಬರದಲ್ಲಿ, ಬೆಳಗಾವಿಯ ನಗರಪಾಲಿಕೆಯು ಮಹಾರಾಷ್ಟ್ರಕ್ಕೆ ಸೇರುವ ಠರಾವು ಮಾಡಿತೆಂದು ಅಲ್ಲಿನ ಮೇಯರರ ಮುಖಕ್ಕೆ ಬೆಂಗಳೂರಿನಲ್ಲಿ ಮಸಿ ಬಳಿಯಲಾಯಿತು. ಠರಾವು ತಪ್ಪೆಂದಾದರೆ ಅದನ್ನು ರದ್ದುಗೊಳಿಸುವ ಅಧಿಕಾರವು ಸರಕಾರಕ್ಕಿತ್ತು. ಮುಖಕ್ಕೆ ಮಸಿ ಬಳಿಯುವ ಅಧಿಕಾರವು ಯಾರಿಗೂ ಇರಲಿಲ್ಲ.

ಕಾವೇರಿಯ ವಿಷಯವು ಇನ್ನೂ ನೋವಿನದು. 1991ರ ಡಿಸೆಂಬರದಲ್ಲಿ ಟ್ರಿಬ್ಯುನಲ್ಲಿನ ಮಧ್ಯಂತರ ಆದೇಶವು ರಾಜಪತ್ರದಲ್ಲಿ ಪ್ರಕಟವಾದಾಗ ಬೆಂಗಳೂರು, ಮೈಸೂರು ಸೀಮೆಗಳಲ್ಲಿ ತಮಿಳು ಮಾತಾಡುವವರ ಮನೆ, ಅಂಗಡಿಗಳ ಮೇಲೆ ದಾಳಿ ನಡೆದು ಸಾವಿರಾರು ಜನರು ಊರು ಬಿಟ್ಟು ಓಡಿದರು. ಅವರಲ್ಲಿ ಬಹುಮಂದಿ ನಮ್ಮಂತೆಯೇ ಹೊಟ್ಟೆಪಾಡಿಗೆ ಬಂದ ಕೂಲಿಗಳು. 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನ ಒಂದೇ ಡಿಪೋದಲ್ಲಿ ತಮಿಳುನಾಡಿನ ಒಂದು ಕಂಪನಿಯ ನಲವತ್ತಕ್ಕೂ ಹೆಚ್ಚು ಬಸ್ಸುಗಳು ಸುಟ್ಟು ಬೂದಿಯಾದವು. ಪೋಲೀಸರ ಗುಂಡಿಗೆ ಒಬ್ಬ ತರುಣನು ಬಲಿಯಾದನು. ಅವನೂ ಯಾರದೋ ಮನೆಯ ಮಗನೇ.

ಬಸ್ಸು ಸುಟ್ಟುದರಿಂದ ಕಾವೇರಿಯಲ್ಲಿ ಒಂದು ಕೊಡ ನೀರು ಹೆಚ್ಚಾಯಿತೇ? ಇಲ್ಲ. 2018ರ ಫೆಬ್ರವರಿ 16ರಂದು ಸುಪ್ರೀಮ್ ಕೋರ್ಟು ಅಂತಿಮ ತೀರ್ಪಿತ್ತು ಕರ್ನಾಟಕದ ಪಾಲಿಗೆ 14.75 ಟಿಎಂಸಿ ನೀರನ್ನು ಹೆಚ್ಚಾಗಿ ಕೊಟ್ಟಿತು. ಬೆಂಗಳೂರಿನ ಕುಡಿಯುವ ನೀರಿನ ಅಗತ್ಯವನ್ನೂ ತಮಿಳುನಾಡಿನ ಅಂತರ್ಜಲವನ್ನೂ ಲೆಕ್ಕಕ್ಕೆ ಹಿಡಿದು ಕೊಟ್ಟ ತೀರ್ಪು ಅದು. ಆ ನೀರನ್ನು ತಂದುದು ಅಂಕಿಅಂಶಗಳನ್ನು ಕೂಡಿಸಿದ ಇಂಜಿನಿಯರರು, ವರ್ಷಗಟ್ಟಲೆ ವಾದಿಸಿದ ವಕೀಲರು. ಬೆಂಕಿಪೊಟ್ಟಣ ಹಿಡಿದವನ ಪಾಲು ಅದರಲ್ಲಿ ಏನೂ ಇಲ್ಲ.

ಬೆಂಗಳೂರಿನಲ್ಲಿ ತಮಿಳನ ಅಂಗಡಿಗೆ ಕಲ್ಲು ಬಿದ್ದಾಗ ‘ಹಾಗೇ ಆಗಬೇಕು’ ಎಂದು ಮನಸ್ಸಿನಲ್ಲಿಯಾದರೂ ಅಂದುಕೊಂಡವನು, ಪುಣೆಯಲ್ಲಿ ತನ್ನ ಹೋಟೆಲಿಗೆ ಕಲ್ಲು ಬಿದ್ದಾಗ ಯಾವ ಬಾಯಿಂದ ನ್ಯಾಯ ಕೇಳುವನು? ಈ ಪ್ರಶ್ನೆಯನ್ನು ನಾನು ಮೊದಲು ನನಗೇ ಕೇಳಿಕೊಂಡಿದ್ದೇನೆ. 1991ರಲ್ಲಿ ನಾನು ಆಡಿದ ಮಾತುಗಳು ಈಗ ನೆನಪಾದರೆ ಮುಖ ತಗ್ಗಿಸುವಂತಾಗುತ್ತದೆ.

ಕಾನೂನು ಕೊಟ್ಟ ಆಧಾರ

ಹಾಗಾದರೆ ಪೆಟ್ಟು ತಿಂದು ಸುಮ್ಮನಿರಬೇಕೇ? ಖಂಡಿತ ಬೇಡ. ಸುಮ್ಮನಿರುವುದು ಬೇರೆ, ಶಾಂತನಾಗಿರುವುದು ಬೇರೆ. ಭಾರತದ ಯಾವ ಭಾಗದಲ್ಲಾದರೂ ನೆಲಸುವ, ಉದ್ಯೋಗ ಮಾಡುವ ಹಕ್ಕನ್ನು ಸಂವಿಧಾನದ 19ನೆಯ ಅನುಚ್ಛೇದವು ಪ್ರತಿಯೊಬ್ಬ ನಾಗರಿಕನಿಗೂ ಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಮ್ಮಂಥವರು ತಿಳಿದಿರಬೇಕಾದ ಕೆಲವು ಕಲಮುಗಳಿವೆ. ಐದು ಅಥವಾ ಹೆಚ್ಚು ಜನರು ಒಟ್ಟುಗೂಡಿ, ಒಬ್ಬನ ಭಾಷೆ ಅಥವಾ ಹುಟ್ಟಿದ ಸ್ಥಳದ ಕಾರಣದಿಂದ ಅವನಿಗೆ ತೀವ್ರ ಗಾಯ ಮಾಡಿದರೆ, 117ನೆಯ ಕಲಮಿನ ನಾಲ್ಕನೆಯ ಉಪಕಲಮಿನಂತೆ ಗುಂಪಿನ ಪ್ರತಿಯೊಬ್ಬನಿಗೂ ಏಳು ವರ್ಷಗಳ ತನಕ ಸಜೆಯಾಗಬಹುದು. ಅದೇ ಕಾರಣದಿಂದ ಕೊಲೆಯಾದರೆ 103ನೆಯ ಕಲಮಿನಂತೆ ಮರಣದಂಡನೆ ಅಥವಾ ಜೀವಾವಧಿ. ಭಾಷೆಯ ಹೆಸರಿನಲ್ಲಿ ಜನರ ನಡುವೆ ದ್ವೇಷ ಬಿತ್ತುವುದು 196ನೆಯ ಕಲಮಿನಂತೆ ಅಪರಾಧ. ಕನ್ನಡಿಗನಿಗೆ ಪುಣೆಯಲ್ಲಿ ದೊರೆಯುವ ಈ ರಕ್ಷಣೆಯೇ ಮರಾಠಿಗನಿಗೆ ಬೆಳಗಾವಿಯಲ್ಲಿ, ತಮಿಳನಿಗೆ ಬೆಂಗಳೂರಿನಲ್ಲಿ ಇದೆ.

ದೂರು ಕೊಡುವ ಕ್ರಮವೂ ತಿಳಿದಿರಬೇಕು. ತುರ್ತಿಗೆ 112ಕ್ಕೆ ಫೋನು ಮಾಡಬಹುದು. ಹಿಂಜವಾಡಿಯ ಪೋಲೀಸು ಠಾಣೆಯು 2018ರಿಂದ ಪಿಂಪ್ರಿ–ಚಿಂಚವಡ ಪೋಲೀಸ್ ಕಮಿಶನರರ ಕೈಕೆಳಗಿದೆ. ಆದರೆ ಘಟನೆ ದಾರಿಯಲ್ಲಿ ಸಾತಾರೆಯ ಬಳಿ ನಡೆದಿದ್ದರೂ ಸರಿಯೇ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಯಾವ ಠಾಣೆಯಲ್ಲಿ ಬೇಕಾದರೂ ಮೊದಲ ವರದಿಯನ್ನು ಬರೆಸಬಹುದು. ಅದರ ಪ್ರತಿಯನ್ನು ಧರ್ಮಾರ್ಥವಾಗಿ ಕೊಡಬೇಕು. ಠಾಣೆಯಲ್ಲಿ ಬರೆದುಕೊಳ್ಳದಿದ್ದರೆ ಮೇಲಧಿಕಾರಿಗಳಿಗೆ ಅಂಚೆಯಲ್ಲಿ ಕಳುಹಿಸಬಹುದು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿದ್ದಾರೆ. ಗಾಯವಾದವನು ಅಂದೇ ಸರಕಾರಿ ಆಸ್ಪತ್ರೆಗೆ ಹೋಗಿ ಗಾಯದ ಪತ್ರ ಪಡೆಯಬೇಕು. ಮೂಳೆ ಮುರಿದಿದೆಯೋ, ಬರಿಯ ಬಾಸುಂಡೆಯೋ ಎಂಬುದರ ಮೇಲೆಯೇ ಖಟ್ಲೆಯು ಎನ್.ಸಿ. ಆಗುವುದೋ, ತನಿಖೆಗೆ ಹೋಗುವುದೋ ಎಂಬುದು ಬಹುಮಟ್ಟಿಗೆ ನಿಲ್ಲುತ್ತದೆ. ಎನ್.ಸಿ. ಆಯಿತೆಂದು ನಿರಾಶೆ ಪಡಬೇಕಾಗಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ನೇರವಾಗಿ ಫಿರ್ಯಾದಿ ಕೊಡುವ ದಾರಿ ತೆರೆದೇ ಇದೆ. ವಕೀಲರಿಗೆ ಕೊಡಲು ಹಣವಿಲ್ಲದವರಿಗೆ 1987ರ ಕಾಯಿದೆಯಂತೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವು ಉಚಿತವಾಗಿ ವಕೀಲರನ್ನು ಒದಗಿಸುತ್ತದೆ.

ಬಂದ್, ಮೆರವಣಿಗೆ ಏರ್ಪಡಿಸುವ ನಾಯಕರಿಗೂ ಕಾನೂನು ಒಂದು ಮಾತು ಹೇಳಿದೆ. 2009ರ ಏಪ್ರಿಲ್ 16ರಂದು ಸುಪ್ರೀಮ್ ಕೋರ್ಟು, ಪ್ರತಿಭಟನೆಯಲ್ಲಿ ಆಸ್ತಿ ಹಾನಿಯಾದರೆ ಅದನ್ನು ಮಾಡಿದವರಷ್ಟೇ ಅಲ್ಲ, ಏರ್ಪಡಿಸಿದವರೂ ನಷ್ಟ ತುಂಬಿಕೊಡಲು ಹೊಣೆಗಾರರೆಂದು ಮಾರ್ಗಸೂಚಿ ಕೊಟ್ಟಿತು. ಅದನ್ನು ನಿಷ್ಠೆಯಿಂದ ಎರಡೂ ರಾಜ್ಯಗಳಲ್ಲಿ ನಡೆಸಿದರೆ ಮಸಿಯ ಡಬ್ಬಿಗಳ ಮಾರಾಟ ಅರ್ಧಕ್ಕರ್ಧ ಇಳಿದೀತು!

ಈ ಮಾತನ್ನು ಓದಿ, ‘ಕಾನೂನು ಪುಸ್ತಕದಲ್ಲಿದೆ, ಠಾಣೆಯಲ್ಲಿ ನಮ್ಮನ್ನು ಕೇಳುವವರು ಯಾರು?’ ಎಂದು ಅನೇಕರು ಅನ್ನುವರು. ಆ ಮಾತಿನಲ್ಲಿ ಸತ್ಯವಿದೆ. ಒಬ್ಬ ಹುಡುಗನು, ಅದೂ ಭಾಷೆ ತಿಳಿಯದವನು, ಒಬ್ಬನೇ ಠಾಣೆಯ ಮೆಟ್ಟಿಲು ಹತ್ತುವುದು ಸುಲಭವಲ್ಲ. ನಮ್ಮ ಸಂಘಗಳು ಮಾಡಬೇಕಾದ ಕೆಲಸ ಇಲ್ಲಿಯೇ ಇದೆ. ರಾಜ್ಯೋತ್ಸವದ ಚಪ್ಪರಕ್ಕೆ, ಹಾರ ತುರಾಯಿಗಳಿಗೆ ಹಣ ಕೂಡಿಸುತ್ತೇವೆ, ಅದು ಬೇಡವೆಂದಲ್ಲ. ಆದರೆ ಪೆಟ್ಟು ತಿಂದವನ ಜೊತೆಗೆ ಠಾಣೆಗೂ ಆಸ್ಪತ್ರೆಗೂ ಹೋಗಿ, ಮರಾಠಿಯಲ್ಲಿ ನಾಲ್ಕು ಸಾಲಿನ ದೂರು ಬರೆದುಕೊಡುವ ಇಬ್ಬರು ಗುಮಾಸ್ತರನ್ನು ಪ್ರತಿ ಸಂಘವೂ ಗೊತ್ತು ಮಾಡಿದರೆ, ಅದು ಹತ್ತು ಭಾಷಣಗಳಿಗಿಂತ ಹೆಚ್ಚಿನ ಕನ್ನಡ ಸೇವೆಯೆನ್ನಬಹುದು. ಕಚೇರಿಗಳಲ್ಲಿ ಕೆಲಸ ಮಾಡುವ ವಾಚಕರು ಇದನ್ನು ಮನಸ್ಸಿಗೆ ತೆಗೆದುಕೊಳ್ಳಬೇಕು.

ನಾವು ಸಲ್ಲಿಸಬೇಕಾದುದು

ಹಕ್ಕಿನ ಮಾತಾಡುವವನು ಋಣದ ಮಾತನ್ನೂ ಆಡಬೇಕು. ಈ ನೆಲದ ಅನ್ನ ಉಣ್ಣುವವರು ಈ ನೆಲದ ಮಾತನ್ನು ಕಲಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಮರಾಠಿಯು ನಮಗೆ ದೂರದ ಭಾಷೆಯೂ ಅಲ್ಲ. ಪಂಢರಪುರದ ವಿಠ್ಠಲನನ್ನು ಮರಾಠಿ ಸಂತರೂ ನಮ್ಮ ದಾಸರೂ ಒಂದೇ ಭಕ್ತಿಯಿಂದ ಹಾಡಿದ್ದಾರೆ. ಮಹಾರಾಷ್ಟ್ರವು 2022ರಲ್ಲಿ ಎಲ್ಲ ಅಂಗಡಿಗಳ ಫಲಕಗಳಲ್ಲಿ ದೇವನಾಗರಿ ಲಿಪಿಯ ಮರಾಠಿ ಇರಬೇಕೆಂದು ಕಾಯಿದೆ ಮಾಡಿತು. ಕರ್ನಾಟಕವು 2024ರಲ್ಲಿ ಫಲಕದ ಶೇಕಡಾ 60 ಭಾಗ ಕನ್ನಡದಲ್ಲಿರಬೇಕೆಂದು ಕಾಯಿದೆ ಮಾಡಿತು. ಬೆಂಗಳೂರಿನ ಕಾಯಿದೆಯನ್ನು ಮೆಚ್ಚುವವನು ಪುಣೆಯ ಕಾಯಿದೆಯನ್ನೂ ಗೌರವಿಸಬೇಕು. ಕಾಯಿದೆ ಮೀರಿದವನಿಗೆ ದಂಡ ಹಾಕಲು ಅಧಿಕಾರಿಯಿದ್ದಾನೆ. ಕೆನ್ನೆಗೆ ಹೊಡೆಯಲು ಯಾರಿಗೂ ಸನದು ಕೊಟ್ಟಿಲ್ಲ ಎಂಬುದು ಮಾತ್ರ ಎರಡೂ ಕಡೆ ಸ್ಪಷ್ಟವಾಗಿರಬೇಕು.

ಇನ್ನೊಂದು ಸಣ್ಣ ಕರ್ತವ್ಯ: ಫೋನಿಗೆ ಬಂದ ಹೊಡೆದಾಟದ ದೃಶ್ಯಗಳನ್ನು ಮುಂದಕ್ಕೆ ಕಳುಹಿಸದಿರುವುದು. ದೃಶ್ಯವು ಸಾಕ್ಷಿಯಾಗಿದ್ದರೆ ಪೋಲೀಸರಿಗೆ ಕೊಡಿರಿ. ಊರಿನ ಗೆಳೆಯರಿಗೆ ಕಳುಹಿಸಿದರೆ, ಚಿತ್ರದುರ್ಗದ ದಾರಿಯಲ್ಲಿ ಬರುತ್ತಿರುವ ಯಾವನೋ ಮರಾಠಿ ಚಾಲಕನ ಮುಖಕ್ಕೆ ಮಸಿ ಕಲಸಿ ಕೊಟ್ಟಂತೆಯೇ ಸರಿ.

ಜನರಿಗೆ ಸಿಟ್ಟೇ ಬರಬಾರದೆಂದು ನಾನು ಹೇಳುವುದಿಲ್ಲ. ಹಿಂಜವಾಡಿಯಲ್ಲಿಯೇ ಯೋಗ್ಯವಾದ ಸಿಟ್ಟಿನ ಉದಾಹರಣೆಯಿದೆ. ಮಳೆ ಬಂದರೆ ಹೊಳೆಯಾಗುವ ರಸ್ತೆ, ಗಂಟೆಗಟ್ಟಲೆ ನಿಲ್ಲುವ ವಾಹನಗಳ ಸಾಲು. ಇವುಗಳಿಂದ ಬೇಸತ್ತ ಐಟಿ ನೌಕರರು 2025ರಲ್ಲಿ ಸಹಿಗಳನ್ನು ಕೂಡಿಸಿ ಸರಕಾರಕ್ಕೆ ಮನವಿ ಸಲ್ಲಿಸಿದರು. ಆ ಜುಲೈಯಲ್ಲಿ ಅಂದಿನ ಉಪಮುಖ್ಯಮಂತ್ರಿ ಅಜಿತ ಪವಾರರು ಬೆಳಗಿನ ಜಾವಕ್ಕೇ ಇಲ್ಲಿಗೆ ಬಂದು ರಸ್ತೆಗಳನ್ನು ನೋಡಿ, ಹೀಗಾದರೆ ಹಿಂಜವಾಡಿಯ ಉದ್ಯಮವು ಬೆಂಗಳೂರು, ಹೈದರಾಬಾದುಗಳಿಗೆ ಹೊರಟುಹೋಗುವುದೆಂದು ಸ್ಥಳೀಯರ ಮುಂದೆಯೇ ಖಾರವಾಗಿ ನುಡಿದರು. ಸಹಿ ಹಾಕಿದವರಲ್ಲಿ ಮರಾಠಿ ಯಾರು, ಕನ್ನಡ ಯಾರು ಎಂದು ಯಾರೂ ಎಣಿಸಲಿಲ್ಲ. ಸಿಟ್ಟಿಗೆ ಸರಿಯಾದ ವಿಳಾಸ ಬರೆದಿದ್ದರಿಂದ ಅದು ತಲುಪಬೇಕಾದವರಿಗೆ ತಲುಪಿತು.

ಆ ಹುಡುಗನು ಆ ಶಿವರಾತ್ರಿಗೆ ಊರಿಗೆ ಹೋಗಲಿಲ್ಲ. ಬಸ್ಸಿನ ಸಂಗತಿಯನ್ನು ಕೇಳಿದ ತಾಯಿಯೇ ಫೋನಿನಲ್ಲಿ, ‘ಬರಬೇಡಪ್ಪಾ, ಇದ್ದಲ್ಲೇ ಇರು’ ಎಂದಳಂತೆ. ಬುಧವಾರ ರಾತ್ರಿ ಹೋಟೆಲು ಮುಚ್ಚಿದ ಮೇಲೆ ಅವನೂ, ಅವನೊಡನೆ ಮೋರಿಯ ಕೆಲಸ ಮಾಡುವ ಲಾತೂರಿನ ಹುಡುಗನೂ ಹತ್ತಿರದ ಈಶ್ವರ ದೇವಸ್ಥಾನಕ್ಕೆ ಹೋಗಿ ಜಾಗರಣೆ ಮಾಡಿ ಬಂದರು. ಯುಗಾದಿಗೆ ಸೀರೆ ಊರು ಮುಟ್ಟಿತು.

ಗಡಿಯ ಹಳ್ಳಿಗಳು ಯಾರ ಪಾಲಿಗೆ ಹೋಗುವುವೆಂಬುದನ್ನು ನ್ಯಾಯಮೂರ್ತಿಗಳು ಹೇಳಲಿ. ಬೇಗನೆ ಹೇಳಲಿ ಎಂದು ಬೇಡಿಕೊಳ್ಳುವ ಹಕ್ಕು ನಮಗಿದೆ. ಆದರೆ ಗಡಿಯು ಎಲ್ಲಿಯೇ ನಿಲ್ಲಲಿ, ಅದರ ಮೇಲೆ ಹಾದುಹೋಗುವ ಬಸ್ಸಿನಲ್ಲಿ ಆ ಹುಡುಗನು ಅಂಜಿಕೆಯಿಲ್ಲದೆ ಕೂತು ತಾಯಿಯ ಬಳಿಗೆ ಹೋಗುವಂತಿರಬೇಕು. ಅಷ್ಟೂ ಆಗದಿದ್ದರೆ ಗೆದ್ದ ಹಳ್ಳಿಗಳಿಂದ ಯಾರಿಗೆ ಏನು ಲಾಭ?